ಕುಮ್ ಎರ್ವೈನ್‌ನ ಹನ್ನೊಂದು ಮನೆ

ಉತ್ತರ ವೇಲ್ಸ್‌ನ ಚರಿತ್ರೆ ನೋಡಲು ಹೊರಟ ಹದಿನಾಲ್ಕು ಮಂದಿಯಲ್ಲಿ ಹೈಲ್ವೆನ್ ಪ್ರೋಬರ್ಟ್‌ಳೇ ಹಿರಿಯಳು. ಎಪ್ಪತ್ತು ದಾಟಿತ್ತು. ಆರು ದಿನ ಕೋಟೆ, ಕಲ್ಲುಗಣಿ, ಹಳೆಯ ಪ್ರಾರ್ಥನಾಮಂದಿರ ಎಲ್ಲವನ್ನೂ ತುಟಿ ಪಿಟಕ್ಕೆನ್ನದೆ ನೋಡಿದ್ದಳು. ಅವಳು ಹೆಸರು ಕೊಟ್ಟಿದ್ದೇ ಕೊನೆಯ ದಿನಕ್ಕಾಗಿ. ಒಂಬತ್ತು ವರ್ಷದವಳಿದ್ದಾಗ ಬಿಟ್ಟುಬಂದ ಅವಳ ಊರು ಕುಮ್ ಎರ್ವೈನ್, ಈಗ ಎರ್ವೈನ್ ಜಲಾಶಯದ ತಳದಲ್ಲಿತ್ತು. ಅಂದಿನಿಂದ ಅವಳು ಆ ಕಡೆ ತಲೆ ಹಾಕಿರಲಿಲ್ಲ.

ಬಸ್ಸು ದಂಡೆಯಲ್ಲಿ ನಿಂತಿತು. ಮಾಹಿತಿ ಕೇಂದ್ರದ ಮುಂದೆ ಹೊಸ ಫಲಕ. ಪ್ರವಾಸದ ಮೇಷ್ಟ್ರು ಇಡ್ರಿಸ್ ಗಟ್ಟಿಯಾಗಿ ಓದಿದರು: “ಜನವಸತಿಯಿಲ್ಲದ ಜೌಗು ಕಣಿವೆಯೊಂದು ನಗರದ ಬಾಯಾರಿಕೆ ನೀಗಿಸಿದ ಕಥೆ...”

“ಏನಂದ್ರಿ ಮೇಷ್ಟ್ರೇ? ಇನ್ನೊಂದ್ಸಲ ಓದಿ.”

“ಜನವಸತಿಯಿಲ್ಲದ...”

“ಹಾಗಾದ್ರೆ ನಾನೇನು ಕಪ್ಪೆಗೆ ಹುಟ್ಟಿದ್ನಾ?”

ಕೆಲವರು ನಕ್ಕರು. ಹೈಲ್ವೆನ್ ನೀರಿನತ್ತ ಕೈ ಚಾಚಿದಳು. “ಅಲ್ಲಿ ಗೈನೋರ್ ಅತ್ತೆ ಮನೆ. ಪಕ್ಕದಲ್ಲಿ ಕಮ್ಮಾರ ಟೆಗ್ವಿನ್. ಭಾನುವಾರ ಅವನು ಹಾಡೋಕೆ ಬಾಯಿ ತೆಗೆದ್ರೆ ಪಾದ್ರಿಗಳೇ ಕಿವಿ ಮುಚ್ಕೋತಿದ್ರು. ಮೂರನೇದು ನಮ್ದು. ಹೊರಡೋ ದಿನ ಅಪ್ಪ ಬಾಗಿಲಿಗೆ ಬೀಗ ಹಾಕಿದ್ರು. ಮುಳುಗೋ ಮನೆಗೆ ಬೀಗ ಯಾಕಪ್ಪಾ ಅಂದೆ. ‘ಕಳ್ಳರು ಬರ್ತಿದಾರಲ್ಲ ಮಗಳೇ’ ಅಂದ್ರು.”

ಅಷ್ಟರಲ್ಲಿ ಕೇಂದ್ರದ ಮೇಲ್ವಿಚಾರಕ ಹೊರಬಂದ, ಟೈ ಕಟ್ಟಿದ ಹುಡುಗುಮುಖದವನು. “ಅಮ್ಮಾ, ಇಲ್ಲಿ ಗುಂಪು ಸೇರೋ ಹಾಗಿಲ್ಲ. ದೂರು ಇದ್ರೆ ಒಳಗೆ ಫಾರಂ ಇದೆ, ತುಂಬಿಕೊಡಿ.”

“ನಮ್ಮಪ್ಪ ಮೂರು ಫಾರಂ ತುಂಬಿದ್ರು. ಹುಡುಕಿ ನೋಡು, ಆ ನೀರಲ್ಲೇ ಎಲ್ಲೋ ಇರ್ಬೇಕು.”

ಅವಳು ಇಡ್ರಿಸ್ ಜೇಬಿನಿಂದ ದಪ್ಪ ಮಾರ್ಕರ್ ಎಳೆದುಕೊಂಡಳು. ‘ಜನವಸತಿಯಿಲ್ಲದ’ ಎಂಬುದರ ಮೇಲೆ ಗೀಟು ಹಾಕಿ, ಕೆಳಗೆ ಊರಿನ ಹನ್ನೊಂದು ಮನೆಯವರ ಹೆಸರು ಬರೆಯತೊಡಗಿದಳು.

“ಪೊಲೀಸರನ್ನ ಕರೀತೀನಿ!”

“ಕರೆಯಪ್ಪಾ. ಅವರು ಬರೋಕೆ ಮುಕ್ಕಾಲು ಗಂಟೆ. ನಿಧಾನವಾಗಿ ಕಾಗುಣಿತ ತಿದ್ಕೋತೀನಿ.”

ಏಳನೆಯ ಮನೆಗೆ ಅವಳ ತೋಳು ಸೋತಿತು. ಇಡ್ರಿಸ್ ಮುಂದೆ ಬಂದು ಅವಳ ಮೊಣಕೈಗೆ ತಮ್ಮ ಕೈ ಆನಿಸಿ ನಿಂತರು. “ಆರು ದಿನ ನಾನೇ ಒದರಿದ್ದಾಯ್ತು. ಹೇಳಿ, ಎಂಟನೇದು ಯಾರ್ದು?” ಚಾಲಕ ಎರಡು ಸಲ ಹಾರ್ನ್ ಮಾಡಿದ. ಊರಿಗೆ ಮರಳುವ ರೈಲು ತಪ್ಪುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಒಬ್ಬರೂ ಬಸ್ಸು ಹತ್ತಲಿಲ್ಲ.

ಪೇದೆ ಬಂದಾಗ ಹನ್ನೊಂದೂ ಮುಗಿದಿದ್ದವು. ಅವನು ಫಲಕ ನೋಡಿದ, ಮುದುಕಿಯನ್ನು ನೋಡಿದ.

“ಬರೆದದ್ದು ಯಾರು?”

“ನಾನೇ. ಹೈಲ್ವೆನ್ ಪ್ರೋಬರ್ಟ್.”

“ವಿಳಾಸ?”

“ಮೂರನೇ ಮನೆ, ಕುಮ್ ಎರ್ವೈನ್.”

“ಈಗಿರೋ ವಿಳಾಸ ಹೇಳಿ ಅಜ್ಜಿ.”

“ಅದೇ. ಬೇಕಾದ್ರೆ ಜೈಲಿಗೆ ಹಾಕು, ಬೇರೆ ವಿಳಾಸ ನನ್ನ ಬಾಯಲ್ಲಿ ಬರಲ್ಲ.”

ಪೇದೆ ನೀರಿನ ಕಡೆ ಒಮ್ಮೆ ನೋಡಿ, ಪುಸ್ತಕ ಬಿಚ್ಚಿ ಬರೆದ. ಹೈಲ್ವೆನ್ ಅವನ ಭುಜದ ಪಕ್ಕ ಬಗ್ಗಿ, ಒಂದೊಂದೇ ಅಕ್ಷರ ಸರಿಯಾಗಿದೆಯೇ ಎಂದು ನೋಡಿದಳು.