ಗುನ್ವೋರ್ ಅತ್ತೆಯ ಭಾಷಣ

1994ರ ನವೆಂಬರಿನಲ್ಲಿ ನಾರ್ವೆ ಐರೋಪ್ಯ ಒಕ್ಕೂಟಕ್ಕೆ ಸೇರಬೇಕೋ ಬೇಡವೋ ಎಂದು ಜನಮತಗಣನೆ ನಡೆದಾಗ, ನಮ್ಮ ದ್ವೀಪದಲ್ಲಿ ‘ಬೇಕು’ ಎಂದು ಬಾಯಿಬಿಟ್ಟು ಹೇಳುತ್ತಿದ್ದವಳು ನನ್ನ ಸೋದರತ್ತೆ ಗುನ್ವೋರ್ ಒಬ್ಬಳೇ. ‘ಬೇಡ’ದವರ ಮುಖಂಡ ಅವಳ ಗಂಡ, ಆರ್ನ್‌ಫಿನ್ ಮಾವ.

ಮಾವ ಮೀನುದೋಣಿಯವನು. ಹೊರದೇಶದ ದೊಡ್ಡ ಹಡಗುಗಳು ಬಂದು ನಮ್ಮ ಕಡಲನ್ನು ಬಾಚಿಕೊಂಡು ಹೋಗುತ್ತವೆ ಎಂಬ ಚಿಂತೆ ಅವನದು. ಅತ್ತೆ ಮೀನು ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷದಿಂದ ಚಾಕು ಹಿಡಿದವಳು. ಹಸಿ ಮೀನಿಗಿಂತ ಹಸನು ಮಾಡಿದ ಮೀನಿಗೆ ಒಕ್ಕೂಟದ ದೇಶಗಳವರು ಹೊರಗಿನವರಿಗೆ ಹೆಚ್ಚು ಸುಂಕ ಹಾಕುತ್ತಾರೆ, ಆದ್ದರಿಂದಲೇ ನಮ್ಮ ಕಾಡ್ ಮೀನು ಇಡಿಯಾಗಿ ಹಡಗು ಹತ್ತುತ್ತದೆ, ನಮ್ಮ ಹೆಂಗಸರು ಮನೆಯಲ್ಲಿ ಕೂರುತ್ತಾರೆ ಎಂಬುದು ಅವಳ ವಾದ. ಊಟ ಮುಗಿದು ಕಾಫಿ ಬರುವವರೆಗೆ ಒಕ್ಕೂಟದ ಮಾತೆತ್ತಬಾರದು ಅಂತ ಇಬ್ಬರೂ ಒಪ್ಪಿಕೊಂಡಿದ್ದರು. ಆ ತಿಂಗಳು ಅವರ ಮನೆಯಲ್ಲಿ ಊಟ ಬಹಳ ಬೇಗ ಮುಗಿಯುತ್ತಿತ್ತು.

ಮತದಾನಕ್ಕೆ ಒಂಬತ್ತು ದಿನ ಮುಂಚೆ, ಶನಿವಾರ ಮಧ್ಯಾಹ್ನ ಊರಿನ ಸಭಾಂಗಣದಲ್ಲಿ ಚರ್ಚೆ ಇಟ್ಟಿದ್ದರು. ‘ಬೇಕು’ ಕಡೆಯಿಂದ ಪಟ್ಟಣದ ವಕೀಲರೊಬ್ಬರು ಬರಬೇಕಿತ್ತು. ಗಾಳಿ ಎದ್ದು ಫೆರಿ ನಿಂತುಹೋಯಿತು. ಉಳಿದವಳು ಅತ್ತೆ. ಅವಳಿಗೋ ಎರಡು ದಿನದಿಂದ ನೆಗಡಿ. ಅವತ್ತು ಬೆಳಿಗ್ಗೆ ಎದ್ದರೆ ಗಂಟಲಿನಿಂದ ಬರೀ ಉಸಿರು.

ಅಧ್ಯಕ್ಷತೆ ವಹಿಸಿದ್ದ ಪಾದ್ರಿಯಮ್ಮ ಸೊಲ್ವೈಗ್ ಕೈ ಹಿಸುಕಿಕೊಂಡರು. “ಹಾಗಾದ್ರೆ ಇವತ್ತು ಒಂದೇ ಕಡೆ ಮಾತು ಕೇಳಿ ಮನೆಗೆ ಹೋಗೋಣ್ವಾ?”

‘ಬೇಡ’ದವರು ಖುಷಿಯಾಗಿ ಚಪ್ಪಾಳೆ ತಟ್ಟಿದರು. ಅತ್ತೆ ಮಡಿಲಲ್ಲಿ ಆರು ಹಾಳೆ ಹಿಡಿದು ಕೂತಿದ್ದಳು. ಎರಡು ವಾರ ಅಡುಗೆಮನೆಯಲ್ಲಿ ಕೂತು ಬರೆದದ್ದು. ಪಕ್ಕದಲ್ಲೇ ಇದ್ದ ನನಗೆ ಅವಳ ಮುಖ ನೋಡಲಾಗಲಿಲ್ಲ.

ಆಗ ಮುಂದಿನ ಸಾಲಿನಿಂದ ಮಾವ ಎದ್ದ. “ಕೊಡೇ ಇಲ್ಲಿ. ನಾನು ಓದ್ತೀನಿ.”

ಸಭೆ ಗೊಳ್ಳೆಂದು ನಕ್ಕಿತು. ಅತ್ತೆ ಹಾಳೆಗಳನ್ನು ಎದೆಗೆ ಅವಚಿಕೊಂಡು ಅವನನ್ನೇ ದಿಟ್ಟಿಸಿದಳು. ಆಮೇಲೆ ನನ್ನ ಪೆನ್ನು ಕಿತ್ತುಕೊಂಡು ಮೇಲಿನ ಹಾಳೆಯ ಅಂಚಿನಲ್ಲಿ ಏನೋ ಗೀಚಿ ಕೊಟ್ಟಳು. ಮಾವ ವೇದಿಕೆ ಹತ್ತಿ ಅದನ್ನೇ ಮೊದಲು ಗಟ್ಟಿಯಾಗಿ ಓದಿದ: “‘ಒಂದಕ್ಷರ ನುಂಗಿದ್ರೂ ಮನೆಗೆ ಬರಬೇಡ.’ ಸರಿ ಮಾರಾಯ್ತಿ.”

ಮೊದಮೊದಲು ಪ್ರಾರ್ಥನೆ ಒಪ್ಪಿಸುವವನ ಹಾಗೆ ಒಂದೇ ರಾಗದಲ್ಲಿ ಓದಿದ. ನಿಧಾನವಾಗಿ ಅವನ ದನಿ ಬದಲಾಯಿತು. ಕಾರ್ಖಾನೆಯಲ್ಲಿ ಅರವತ್ತು ಹೆಂಗಸರಿದ್ದದ್ದು ಹತ್ತೊಂಬತ್ತಕ್ಕೆ ಇಳಿದದ್ದು, ಕೆಲಸ ಹೋದ ದಿನ ಮಾರ್ಗುನ್ ತನ್ನ ಏಪ್ರನ್ ಒಗೆದು, ಇಸ್ತ್ರಿ ಮಾಡಿ ವಾಪಸು ತಂದುಕೊಟ್ಟದ್ದು. ಹಿಂದಿನಿಂದ ‘ಬೇಡ’ದ ಕಡೆಯ ಓಸ್ವಾಲ್ ಕೂಗಿದ: “ಏಯ್ ಆರ್ನ್‌ಫಿನ್, ನೀನು ಯಾವ ಕಡೆಯೋ?”

“ಈಗ ನಾನು ಗುನ್ವೋರ್,” ಅಂದ ಮಾವ. “ಗುನ್ವೋರ್ ಮಾತಾಡೋವಾಗ ಮಧ್ಯೆ ಬಾಯಿ ಹಾಕಿದ್ರೆ ಏನಾಗತ್ತೆ ಅಂತ ನಿನಗೆ ಗೊತ್ತಲ್ಲ.”

ಐದನೇ ಹಾಳೆಗೆ ಬಂದವನು ನಿಂತುಬಿಟ್ಟ. ನೀರು ಕುಡಿದ. ಕನ್ನಡಕ ತೆಗೆದು ಒರೆಸಿದ. ಮತ್ತೆ ಓದಿದ: “‘ನನ್ನ ಗಂಡ ಕಡಲು ಕಾಯ್ತಾನೆ. ಅವನು ಚಳೀಲಿ ಹೊರಟಾಗೆಲ್ಲ ನನಗೆ ಹೆಮ್ಮೆ. ಆದ್ರೆ ಅವನು ತಂದ ಮೀನು ನನ್ನ ಕೈಗೆ ಬರದೆ ಹಡಗು ಹತ್ತೋದನ್ನ ಕಾರ್ಖಾನೆ ಕಿಟಕೀಲಿ ನಿಂತು ನೋಡ್ತೀನಿ. ಅವನು ಒಂದು ಸಲಾನೂ ತಿರುಗಿ ನೋಡಿಲ್ಲ.’”

ಯಾರೂ ನಗಲಿಲ್ಲ. ಉಳಿದ ಒಂದು ಹಾಳೆಯನ್ನು ಒಂದಕ್ಷರ ಬಿಡದೆ ಮುಗಿಸಿದ.

ನಂತರ ಅವನದೇ ಸರದಿ. ಸಿದ್ಧಮಾಡಿಕೊಂಡಿದ್ದ ಕಾಗದ ಜೇಬಿನಿಂದ ತೆಗೆಯಲೇ ಇಲ್ಲ. “ಕಾರ್ಖಾನೆ ವಿಷಯದಲ್ಲಿ ಅವಳು ಹೇಳಿದ್ದು ನಿಜ,” ಅಂದ. “ಆದ್ರೂ ನಾನು ಬೇಡ ಅಂತಲೇ ಹಾಕ್ತೀನಿ. ಈ ನೀರಿನ ತೀರ್ಮಾನ ಈ ನೀರು ಕಂಡವರೇ ಮಾಡಬೇಕು. ಅಷ್ಟೇ.” ಇಳಿದು ಬಂದು ಅತ್ತೆಯ ಪಕ್ಕ ಕೂತ. ಅವಳು ಅವನ ಮುಖ ನೋಡದೆ ಕೆಮ್ಮಿನ ಮಿಠಾಯಿಯೊಂದನ್ನು ಅವನ ಅಂಗೈಗೆ ಹಾಕಿದಳು.

‘ಬೇಡ’ದವರಿಗೆ ಕೆಂಡದಂಥ ಕೋಪ. ಓಸ್ವಾಲ್ ಮರುದಿನ ಮನೆಗೇ ಬಂದು ಮುಖಂಡತನ ಬಿಡು ಅಂದ. ಮಾವ ಅಂಟಿನ ಬಕೆಟ್ಟು, ಉಳಿದ ಭಿತ್ತಿಪತ್ರ ಎಲ್ಲ ಅವನ ಕೈಗಿಟ್ಟು, “ಚರ್ಚಿನ ಗೋಡೆಗೆ ಮಾತ್ರ ಅಂಟಿಸಬೇಡ, ಪಾದ್ರಿಯಮ್ಮ ಬೈತಾರೆ,” ಅಂದ.

ದೇಶ ‘ಬೇಡ’ ಅಂದಿತು. ನಮ್ಮ ಮತಗಟ್ಟೆಯಲ್ಲಿ ಇನ್ನೂರ ಹನ್ನೆರಡು ಬೇಡ, ಮೂವತ್ತೆಂಟು ಬೇಕು. ಬೆಳಿಗ್ಗೆ ರೇಡಿಯೋ ಕೇಳುತ್ತ ಅತ್ತೆ ಅಳುತ್ತಿದ್ದಳು. ಗೆದ್ದವನು ಎದುರಿಗೆ ಕೂತು ಅವಳ ರೊಟ್ಟಿಗೆ ಕಂದು ಚೀಸು ಹೆರೆಯುತ್ತಿದ್ದ.

“ಮೂವತ್ತೆಂಟು, ಗುನ್ವೋರ್! ನಾನು ಹತ್ತು ಅಂದ್ಕೊಂಡಿದ್ದೆ.”

ಅತ್ತೆಗೆ ಆ ಹೊತ್ತಿಗೆ ದನಿ ಮರಳಿತ್ತು. “ನೀನು ಸ್ವಲ್ಪ ಜೋರಾಗಿ ಓದಿದ್ರೆ ಐವತ್ತಾಗ್ತಿತ್ತು,” ಅಂದಳು.

ಜನವರಿಯಲ್ಲಿ ಕಾಡ್ ಮೀನು ಬಂದಾಗ ಮಾವ ಇನ್ನೂ ನಾಲ್ಕು ದೋಣಿಯವರನ್ನು ಒಪ್ಪಿಸಿ, ಹಿಡಿದದ್ದನ್ನೆಲ್ಲ ಊರಿನ ಕಾರ್ಖಾನೆಗೇ ತಂದು ಹಾಕಿದ. ದೊಡ್ಡದೇನೂ ಆಗಲಿಲ್ಲ, ಆ ಚಳಿಗಾಲ ಏಳು ಹೆಂಗಸರನ್ನು ಮತ್ತೆ ಕೆಲಸಕ್ಕೆ ಕರೆದರು, ಅವರಲ್ಲಿ ಮಾರ್ಗುನ್ ಕೂಡ ಇದ್ದಳು. ದೋಣಿ ಕಟ್ಟೆಗೆ ತಾಗಿದ ಕೂಡಲೇ ಮಾವ ಕಾರ್ಖಾನೆಯ ಕಿಟಕಿಯತ್ತ ಕೈ ಬೀಸುತ್ತಿದ್ದ. ಒಳಗೆ ಹೆಂಗಸರು ಚುಡಾಯಿಸುತ್ತಿದ್ದರು. ಅತ್ತೆ ಚಾಕು ಎತ್ತಿ ತೋರಿಸಿ, “ಕೆಲಸ ನೋಡೋ!” ಎಂದು ಗದರುತ್ತಿದ್ದಳು.