ರಾಕ್ಷಸಿಯ ಹೆಸರಿನ ಟೀಚರ್

ಶಿಶುವಿಹಾರಕ್ಕೆ ಹೊಸದಾಗಿ ಬಂದ ಟೀಚರಿಗೆ ಅವಳ ಅಜ್ಜಿಯ ಹೆಸರನ್ನೇ ಇಟ್ಟಿದ್ದರು. ಆ ಹಳೆಯ ಹೆಸರು ಚೌಕದಲ್ಲಿ ಕುದುರೆಯೇರಿ ನಿಂತ ಕಲ್ಲಿನ ರಾಣಿಯದೂ ಹೌದು, ಊರಾಚೆಯ ಬೋಳುಗುಡ್ಡದ್ದೂ ಹೌದು. ಊಟ ಮಾಡದ ಮಕ್ಕಳನ್ನು ಚೀಲಕ್ಕೆ ತುಂಬಿಕೊಂಡು ಹೋಗುವ ಕಥೆಯ ರಾಕ್ಷಸಿಯದೂ ಹೌದು. ಮಕ್ಕಳಿಗೆ ಗೊತ್ತಿದ್ದವಳು ರಾಕ್ಷಸಿ ಮಾತ್ರ. ಮೊದಲ ದಿನ ಟೀಚರ್ ತನ್ನ ಹೆಸರು ಹೇಳಿದ್ದೇ ತಡ, ಇಡೀ ತರಗತಿ ಗೊಳೋ ಎಂದಿತು.

ಹೆಡ್‌ಮೇಡಂ ಮೂಗಿನಲ್ಲೇ ರಾಗ ಎಳೆದರು. "ರಾಣಿ ಹೆಸರೂ ಹೌದಮ್ಮಾ, ಸರಿ. ಅಳೋ ಮಕ್ಕಳಿಗೆ ಇತಿಹಾಸ ಹೇಳೋಕಾಗತ್ತಾ? ಹೆಸರು ಬದಲಾಯಿಸ್ಕೋ, ಇಲ್ಲಾ ಬೇರೆ ಕೆಲಸ ನೋಡ್ಕೋ."

"ಒಂದು ವಾರ ಕೊಡಿ ಮೇಡಂ. ಹೆಸರು ಬಿಟ್ಟರೆ ಅಜ್ಜಿ ನನ್ನ ಚರ್ಮ ಸುಲೀತಾಳೆ."

ಮರುದಿನ ಟೀಚರ್ ದೊಡ್ಡ ಚೀಲ ಹೊತ್ತು, ಗೊಗ್ಗರು ದನಿಯಲ್ಲಿ ನರಳುತ್ತ ಬಂದಳು. "ಸೊಂಟ ಹಿಡ್ಕೊಂಡಿದೆ ಮಕ್ಕಳೇ, ಯಾರಾದ್ರೂ ಇದನ್ನ ಇಳಿಸ್ಕೊಳ್ರೋ." ಚೀಲದ ತುಂಬ ಚೆಂಡುಗಳಿದ್ದವು.

ವಾರ ಮುಗಿಯುವ ಮೊದಲೇ ಒಬ್ಬ ತಾಯಿ ಹೆಡ್‌ಮೇಡಂ ಕೋಣೆಗೆ ದೂರು ತಂದಳು.

"ಊಟ ಮಾಡು, ಇಲ್ದಿದ್ರೆ ಆ ಚೀಲದ ರಾಕ್ಷಸಿ ಬರ್ತಾಳೆ ಅಂದ್ರೆ, ನನ್ನ ಮಗ ತಟ್ಟೆ ತಳ್ಳಿ ಬಾಗಿಲ ಹತ್ರ ಹೋಗಿ ಕಾಯ್ತಾ ಕೂತ್ಕೋತಾನೆ ಮೇಡಂ. ನಾನೇನ್ ಮಾಡ್ಲಿ?"

"ಬೇರೆ ರಾಕ್ಷಸಿ ಹುಡುಕ್ಕೊಳ್ಳಿ," ಎಂದರು ಹೆಡ್‌ಮೇಡಂ. "ಇವಳು ನಮಗೆ ಬೇಕು."