ಸುಗರಾಬಿ ಬೇಡವೆಂದ ಮನೆ

ಬ್ಯಾಡಗಿಯ ಮೆಣಸಿನಕಾಯಿ ಘಾಟಿಗೆ ದರ್ಜಿ ಕಾಸೀಮಸಾಬನ ಎದೆ ಕಟ್ಟುತ್ತಿತ್ತು. ಊರು ಬಿಡದಿದ್ದರೆ ಜೀವಕ್ಕೇ ಅಪಾಯವೆಂದು ಡಾಕ್ಟರು ಹೇಳಿದ್ದರು. ೧೯೮೬ರ ಜನವರಿಯಲ್ಲಿ ಅವನು ಹೆಂಡತಿ ಸುಗರಾಬಿಯನ್ನು ಕರೆದುಕೊಂಡು, ತಮ್ಮನಿದ್ದ ಹಲಗೇರಿಯಲ್ಲಿ ಮನೆ ನೋಡಲು ಹೋದ.

ಮನೆ ಚೆನ್ನಾಗಿತ್ತು. ಆದರೆ ಹಿತ್ತಲ ಬಾಗಿಲು ತೆರೆದರೆ, ಪಕ್ಕದವರ ಅಂಗಳದ ತುಂಬ ಮೆಣಸಿನಕಾಯಿ ಒಣಹಾಕಿದ್ದರು. ಗಾಳಿ ಬೀಸಿತು. ಕಾಸೀಮಸಾಬ ಕೆಮ್ಮು ನುಂಗಿ ನಿಂತ. ಕತ್ತಿನ ನರಗಳು ಉಬ್ಬಿದವು.

"ಎರಡ ತಿಂಗಳ ಅಷ್ಟ ಒಣಸ್ತಾರ್ರಿ," ಎಂದ ಮನೆಯೊಡೆಯ ನಾಗರಾಜಪ್ಪ.

"ಮನಿ ಹಿಡಿಸೇತ್ರಿ," ಎಂದು ಕಾಸೀಮಸಾಬ ಕೀಲಿಕೈಗೆ ಕೈ ಚಾಚಿದ. ಅವನ ಉಸಿರು ಸುಯ್ಯೆನ್ನುತ್ತಿತ್ತು.

ಸುಗರಾಬಿ ಆ ಕೈಯನ್ನು ಹಿಡಿದೆಳೆದಳು. "ಬ್ಯಾಡ್ರಿ ಸಾವಕಾರ್ರ. ನಾವು ಹೊಳಿದಂಡಿ ಗಳಗನಾಥಕ್ಕ ಹೊಕ್ಕೇವಿ. ಅಲ್ಲಿ ಈ ಘಾಟ ಇಲ್ಲ."

ಬೀದಿಗೆ ಬಂದ ಮೇಲೆ ಕಾಸೀಮಸಾಬ ರೇಗಿದ. "ಅಲ್ಲಿ ನಮ್ಮವ್ರು ಯಾರದಾರ?"

"ನೀವು ಇರ್ತೀರಲ್ಲ!" ಎಂದಳು.

ಗಳಗನಾಥಕ್ಕೆ ಬಂದು ನೆಲೆಸಿದ ಮೇಲೆ ಹದಿನೈದು ದಿನ ಯಾರೂ ಹೊಲಿಯಲು ಬಟ್ಟೆ ತರಲಿಲ್ಲ. ಗಂಡ ಮಷಿನಿನ ಮುಂದೆ ಸುಮ್ಮನೆ ಕೂತಿರುವುದನ್ನು ಸುಗರಾಬಿ ದಿನವೂ ನೋಡುತ್ತಿದ್ದಳು. ಹದಿನಾರನೆಯ ದಿನ ಗೋದೂಬಾಯಿ ಎಂಬ ಮುದುಕಿ ಕುಪ್ಪಸದ ಖಣ ಹಿಡಿದು ಬಂದಳು. ಕಾಸೀಮಸಾಬ ಅವಳೊಡನೆ ಬಹಳ ಹೊತ್ತು ಮಾತಾಡಿದ, ಒಮ್ಮೆಯೂ ಕೆಮ್ಮದೆ.